ಎಲ್ಲಿಯವರೆಗೆ ಹೋಗಬೇಕು?

ಸ್ವಂತಕ್ಕೊಂದು ಜೆಟ್ ವಿಮಾನ ಕೊಳ್ಳಲು ಹೊರಟವರು ಬೆಲೆ ವಿಚಾರಿಸುವ ಮೊದಲೇ ಕೇಳುವ ಪ್ರಶ್ನೆ ಒಂದಿದೆ: "ಇದು ಎಲ್ಲಿಯವರೆಗೆ ಹೋಗುತ್ತದೆ?" ಬೆಂಗಳೂರಿನ ಹಳೆಯ ಎಚ್‌ಎಎಲ್ ವಿಮಾನ ನಿಲ್ದಾಣದ ಹ್ಯಾಂಗರುಗಳಲ್ಲಿ ಮೇಂಟೆನೆನ್ಸ್ ಎಂಜಿನಿಯರನಾಗಿ ದುಡಿದವನು ನಾನು. ಈಗ ಕೊಳ್ಳುವವರ ಪರವಾಗಿ ವಿಮಾನ ನೋಡಿ, ಕಾಗದಪತ್ರ ಓದಿ ಸಲಹೆ ಕೊಡುತ್ತೇನೆ. ಆ ಪ್ರಶ್ನೆಗೆ ಕಿಲೋಮೀಟರಿನ ಲೆಕ್ಕದಲ್ಲಿ ಉತ್ತರ ಕೊಡುವುದು ನನಗೆ ಕಷ್ಟವಲ್ಲ. ಆದರೆ ನಾನು ಹುಟ್ಟಿ ಬೆಳೆದದ್ದು ಕಾರ್ಕಳದ ಜೈನ ಮನೆಯಲ್ಲಿ. ಎಲ್ಲಿಯವರೆಗೆ ಹೋಗಬೇಕು, ಎಲ್ಲಿ ನಿಲ್ಲಬೇಕು ಎಂಬುದಕ್ಕೆ ನಮ್ಮ ಶ್ರಾವಕ ಧರ್ಮದಲ್ಲಿ, ಅಂದರೆ ಜೈನ ಗೃಹಸ್ಥರ ಧರ್ಮದಲ್ಲಿ, ಒಂದು ವ್ರತವೇ ಇದೆ. ದಿಗ್ವ್ರತ ಎಂದು ಅದರ ಹೆಸರು. ವಿಮಾನದ ರೇಂಜೂ ಈ ವ್ರತವೂ ಒಟ್ಟಿಗೆ ಎದುರಾದ ಸಂದರ್ಭ ಈಚೆಗೆ ಬಂತು. ಅದು ಕೆದಕಿದ ಪ್ರಶ್ನೆ ಇನ್ನೂ ನನ್ನನ್ನು ಬಿಟ್ಟಿಲ್ಲ.

ಕೊಳ್ಳಲು ಬಂದವರು ಬೆಳಗಾವಿ ಕಡೆಯ ಉದ್ಯಮಿ, ಅವರೂ ಶ್ರಾವಕರೇ. ಹೆಸರು ಬೇಡ. ಅದುವರೆಗೆ ಬಾಡಿಗೆ ವಿಮಾನದಲ್ಲಿ ಓಡಾಡುತ್ತಿದ್ದವರು ಸ್ವಂತದ್ದೊಂದು ಇರಲಿ ಎಂದು ಮಿಡ್‌ಸೈಜ್ ವರ್ಗದ ಮೂರು ವಿಮಾನಗಳನ್ನು ಗುರುತು ಮಾಡಿಕೊಂಡಿದ್ದರು. ಮೊದಲನೆಯದು ಸೆಕೆಂಡ್ ಹ್ಯಾಂಡ್ ಹಾಕರ್ 900ಎಕ್ಸ್‌ಪಿ. 1962ರಲ್ಲಿ ಮೊದಲು ಹಾರಿದ ಡಿ ಹ್ಯಾವಿಲೆಂಡ್ 125ರ ವಂಶದ ಕೊನೆಯ ಕುಡಿಗಳಲ್ಲಿ ಇದೊಂದು. ತಯಾರಿಸುತ್ತಿದ್ದ ಕಂಪನಿ 2012ರಲ್ಲಿ ದಿವಾಳಿಯಾದ ಮೇಲೆ ಹೊಸದು ಬರುವುದು ನಿಂತಿತು. ಗಟ್ಟಿಮುಟ್ಟಾದ ವಿಮಾನ, ನನ್ನ ಕೈಗೆ ಚೆನ್ನಾಗಿ ಪಳಗಿದ್ದು. ಆದರೆ ಕ್ಯಾಬಿನ್ನಿನ ಎತ್ತರ 5 ಅಡಿ 9 ಅಂಗುಲ, ವಯಸ್ಸಿಗೆ ತಕ್ಕಂತೆ ಹ್ಯಾಂಗರಿನಲ್ಲಿ ಕಳೆಯುವ ದಿನಗಳು ಹೆಚ್ಚು. ಎರಡನೆಯದು ಸೆಸ್ನಾ ಕಂಪನಿಯ ಸೈಟೇಶನ್ ಲ್ಯಾಟಿಟ್ಯೂಡ್. ಆರಡಿ ಎತ್ತರದ ಕ್ಯಾಬಿನ್, ಸಮತಟ್ಟಾದ ನೆಲ, ಚಿಕ್ಕ ರನ್‌ವೇ ಸಾಕು. ಒಮ್ಮೆ ಟ್ಯಾಂಕ್ ತುಂಬಿಸಿದರೆ ಹೆಚ್ಚೆಂದರೆ 5,000 ಕಿಲೋಮೀಟರ್. ಮೂರನೆಯದು ಬ್ರೆಜಿಲ್ ದೇಶದ ಎಂಬ್ರೇಯರ್ ಪ್ರೇಟರ್ 500. ಕ್ಯಾಬಿನ್ ಇದರದೂ ಆರಡಿ, ಕಂಟ್ರೋಲುಗಳೆಲ್ಲ ಫ್ಲೈ ಬೈ ವೈರ್, ರೇಂಜ್ ಸುಮಾರು 6,200 ಕಿಲೋಮೀಟರ್. ಹೊಸತಾಗಿ ಕೊಂಡರೆ ಎರಡನೆಯದೂ ಮೂರನೆಯದೂ ನೂರು ಕೋಟಿ ರೂಪಾಯಿ ದಾಟುವ ಸರಕು.

ಬ್ರೋಷರಿನಲ್ಲಿ ಹಾಕುವ ರೇಂಜನ್ನು ಹೇಗೆ ಓದಬೇಕು ಎಂದು ಅವರಿಗೆ ಮೊದಲು ತಿಳಿಸಿದೆ. ಪ್ರೇಟರಿನ ಆ 6,200 ಕಿಲೋಮೀಟರ್ ಬರುವುದು ನಾಲ್ಕೇ ಪ್ರಯಾಣಿಕರಿದ್ದಾಗ, ಇಂಧನ ಉಳಿಸುವ ನಿಧಾನ ವೇಗದಲ್ಲಿ, ಎದುರುಗಾಳಿ ಇಲ್ಲದಾಗ. ಜನ ಹೆಚ್ಚಾದರೆ, ಚಳಿಗಾಲದಲ್ಲಿ ಪಶ್ಚಿಮಕ್ಕೆ ಮುಖ ಮಾಡಿ ಹೊರಟರೆ ಲೆಕ್ಕ ಇಳಿಯುತ್ತದೆ. ಬೆಂಗಳೂರಿನಿಂದ ಲಂಡನ್ನಿಗೆ ಸುಮಾರು 8,000 ಕಿಲೋಮೀಟರ್. ಈ ಮೂರರಲ್ಲಿ ಯಾವುದನ್ನು ಕೊಂಡರೂ ದಾರಿಯಲ್ಲಿ ಒಮ್ಮೆ ಇಳಿದು ಇಂಧನ ತುಂಬಿಸಿಕೊಳ್ಳಲೇಬೇಕು.

ಆಮೇಲೆ ಅವರ ಹಿಂದಿನ ಪ್ರಯಾಣಗಳ ಪಟ್ಟಿ ತರಿಸಿಕೊಂಡೆ. ಮುಂಬೈ, ಹೈದರಾಬಾದ್, ದೆಹಲಿ, ಮತ್ತೆ ಮುಂಬೈ. ಆಗೊಮ್ಮೆ ಈಗೊಮ್ಮೆ ದುಬೈ, ಸಿಂಗಪುರ. ಬೆಂಗಳೂರಿನಿಂದ ಮುಂಬೈ 840 ಕಿಲೋಮೀಟರ್ ಆಸುಪಾಸು, ದೆಹಲಿ 1,700, ದುಬೈ 2,700, ಎಲ್ಲಕ್ಕಿಂತ ದೂರದ ಸಿಂಗಪುರ 3,200. ನಿಜ ಹೇಳಬೇಕೆಂದರೆ ಇದಕ್ಕೆ 3,900 ಕಿಲೋಮೀಟರ್ ಹೋಗುವ ಸೈಟೇಶನ್ ಎಕ್ಸ್‌ಎಲ್‌ಎಸ್ ಸಾಕು. ಅದು ಅವರ ಪಟ್ಟಿಯಲ್ಲೇ ಇರಲಿಲ್ಲ. ಹೀಗಿದ್ದೂ ಅವರ ಮನಸ್ಸು ಪ್ರೇಟರಿನ ಮೇಲೆ ನಿಂತಿತ್ತು. ಯಾಕೆ ಎಂದು ಕೇಳಿದೆ. "ಇಸ್ತಾಂಬುಲ್‌ಗೆ ನೇರ ಹೋಗಬಹುದಲ್ರೀ" ಎಂದರು. ಇಸ್ತಾಂಬುಲ್‌ನಲ್ಲಿ ಏನು ಕೆಲಸ ಎಂದು ಕೇಳಿದೆ. "ಈಗ ಏನಿಲ್ಲ. ಮುಂದೆ ಬೇಕಾದೀತು."

ಕೊಳ್ಳುವ ಎಲ್ಲರ ಬಾಯಲ್ಲೂ ನಾನು ಈ ಮಾತು ಕೇಳಿದ್ದೇನೆ. 2024ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಪ್ರಕಾರ ಜಗತ್ತಿನ ಖಾಸಗಿ ವಿಮಾನಗಳ ಹಾರಾಟದಲ್ಲಿ ಹೆಚ್ಚುಕಡಿಮೆ ಅರ್ಧ 500 ಕಿಲೋಮೀಟರಿಗಿಂತ ಕಡಿಮೆ ದೂರದವು. ಐದಾರು ಸಾವಿರ ಕಿಲೋಮೀಟರ್ ಹೋಗಬಲ್ಲ ಯಂತ್ರವನ್ನು ಕೊಂಡು, ರೈಲಿನಲ್ಲಿ ರಾತ್ರಿ ಮಲಗಿ ಬೆಳಿಗ್ಗೆ ಇಳಿಯಬಹುದಾದ ಊರಿಗೆ ಹೋಗುತ್ತಾರೆ. ಹಾಗಾದರೆ ಉಳಿದ ದೂರಕ್ಕೆ ಕೊಟ್ಟ ಹಣ ಯಾವುದರ ಬೆಲೆ? ಆ ದೂರವನ್ನು ಅವರು ಬಳಸುವುದಿಲ್ಲ. ಅದು ತಮ್ಮ ಕೈಯಳತೆಯಲ್ಲಿ ಇದೆ ಎಂಬ ಭಾವನೆಯ ಬೆಲೆ ಅದು. ಮೆತ್ತನೆ ಸೀಟು, ಒಳ್ಳೆಯ ಊಟ, ಆರಡಿ ಕ್ಯಾಬಿನ್ ಇವುಗಳ ಆಸೆಯನ್ನು ನಾನು ದೊಡ್ಡ ದೋಷವೆಂದು ತಿಳಿದಿಲ್ಲ. ಮನುಷ್ಯನನ್ನು ಹೆಚ್ಚು ಗಟ್ಟಿಯಾಗಿ ಹಿಡಿದುಕೊಳ್ಳುವುದು ಈ "ಬೇಕಾದೀತು". ವಸ್ತುವಿನ ಮೇಲಿನ ಆಸೆ ವಸ್ತು ಸಿಕ್ಕ ಮೇಲಾದರೂ ಸ್ವಲ್ಪ ತಣಿಯುತ್ತದೆ. ಇದಕ್ಕೆ ತಣಿಯುವ ಜಾಗವೇ ಇಲ್ಲ.

ದಿಗ್ವ್ರತ ಕೈಹಾಕುವುದು ನೇರವಾಗಿ ಇದಕ್ಕೇ. ಅಹಿಂಸೆ, ಸತ್ಯ ಮೊದಲಾದ ಐದು ಅಣುವ್ರತಗಳ ನಂತರ ಗೃಹಸ್ಥನಿಗೆ ಮೂರು ಗುಣವ್ರತಗಳಿವೆ. ಅವುಗಳಲ್ಲಿ ಮೊದಲನೆಯದು ದಿಗ್ವ್ರತ. ಹತ್ತು ದಿಕ್ಕಿಗೂ ಗಡಿ ಹಾಕಿಕೊಂಡು, ಬದುಕಿರುವವರೆಗೆ ಅದರಾಚೆ ಹೋಗುವುದಿಲ್ಲ ಎಂದು ಸಂಕಲ್ಪ ಮಾಡಬೇಕು. ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರ ಇದನ್ನು ಬಿಡಿಸಿ ಹೇಳುತ್ತದೆ: ಗಡಿ ಎಲ್ಲರಿಗೂ ಗೊತ್ತಿರುವ ಗುರುತಾಗಿರಬೇಕು, ಸಮುದ್ರ, ನದಿ, ಕಾಡು, ಬೆಟ್ಟ, ನಾಡು ಇಂಥವು. ಗಡಿ ಎಷ್ಟು ದೊಡ್ಡದಿರಬೇಕು ಎಂದು ಶಾಸ್ತ್ರ ಕಟ್ಟು ಮಾಡುವುದಿಲ್ಲ. ಹಾಕಿಕೊಳ್ಳುವವನು ನೀನೇ. ಗಡಿಯ ಆಚೆ ನೀನು ಸೂಕ್ಷ್ಮ ಪಾಪವನ್ನೂ ಮಾಡುವುದಿಲ್ಲವಾದ್ದರಿಂದ ಆ ಜಾಗದ ಮಟ್ಟಿಗೆ ನಿನ್ನ ಅಣುವ್ರತವೇ ಮುನಿಗಳ ಮಹಾವ್ರತದ ಮಟ್ಟಕ್ಕೆ ಏರುತ್ತದೆ ಎಂಬುದು ಆಚಾರ್ಯರ ವಿಚಾರ. ಅಂಗಡಿ ಇಟ್ಟುಕೊಂಡು ಮಕ್ಕಳುಮರಿ ಸಾಕುವ ಗೃಹಸ್ಥ, ತನ್ನ ಗಡಿಯ ಆಚೆಗಿನ ಅಷ್ಟೂ ಜೀವಗಳ ಪಾಲಿಗೆ ಮುನಿಯಂತೆ ನಿರಪಾಯಿ. ಗೃಹಸ್ಥರಿಗೆ ಇಷ್ಟು ದೊಡ್ಡ ಗೌರವ ಕೊಟ್ಟ ಮಾತನ್ನು ನಾನು ಬೇರೆಲ್ಲೂ ಓದಿಲ್ಲ.

ಈ ವ್ರತಕ್ಕೆ ತಗಲಬಹುದಾದ ಐದು ದೋಷಗಳನ್ನು ತತ್ತ್ವಾರ್ಥಸೂತ್ರದ 7ನೆಯ ಅಧ್ಯಾಯ ಪಟ್ಟಿ ಮಾಡಿದೆ. ಮೇಲಿನ ಗಡಿ ದಾಟುವುದು, ಕೆಳಗಿನ ಗಡಿ ದಾಟುವುದು, ಅಡ್ಡ ದಿಕ್ಕುಗಳಲ್ಲಿ ದಾಟುವುದು, ಕ್ಷೇತ್ರವೃದ್ಧಿ ಅಂದರೆ ಆಸೆಗೆ ಬಿದ್ದು ಗಡಿಯನ್ನು ಹಿಗ್ಗಿಸುವುದು, ಕೊನೆಗೆ ಹಾಕಿಕೊಂಡ ಗಡಿಯನ್ನು ಮರೆತೇಬಿಡುವುದು. ಆ ನಾಲ್ಕನೆಯದನ್ನು ನಾನು ಮನೆಯಲ್ಲೇ ಕಣ್ಣಾರೆ ಕಂಡು ಕಲಿತೆ.

ನನ್ನ ಅಜ್ಜಿ ನಡುವಯಸ್ಸಿನಲ್ಲಿ ಮುನಿ ಮಹಾರಾಜರೊಬ್ಬರ ಎದುರು ದಿಗ್ವ್ರತ ತೆಗೆದುಕೊಂಡವರು. ಪಡುವಲಿಗೆ ಸಮುದ್ರ. ತೆಂಕಲಿಗೆ ಚಂದ್ರಗಿರಿ ಹೊಳೆ. ಬಡಗಲಿಗೆ ಶರಾವತಿ. ಮೂಡಲಿಗೆ ಶ್ರವಣಬೆಳಗೊಳ. ಮೇಲಕ್ಕೆ ಕುದುರೆಮುಖದ ತುದಿ, ಕೆಳಕ್ಕೆ ನಮ್ಮ ಮನೆಯ ಬಾವಿಯ ತಳ. ಬಸದಿಯ ಪುರೋಹಿತರಾದ ಇಂದ್ರರು ಇದನ್ನೆಲ್ಲ ಒಂದು ಚೀಟಿಯಲ್ಲಿ ಬರೆದುಕೊಟ್ಟಿದ್ದರು. ಅಜ್ಜಿ ಅದನ್ನು ಜಪಮಣಿಯ ಚೀಲದಲ್ಲೇ ಇಟ್ಟುಕೊಂಡಿದ್ದರು. ಕಾರ್ಕಳದಲ್ಲಿ 1432ರಿಂದ ನಿಂತಿರುವ ಗೊಮ್ಮಟನನ್ನು ಮನೆಯ ಅಂಗಳದಿಂದ ಕಾಣುತ್ತಿದ್ದ, ಹೊಲ ಮನೆ ದನಕರು ಬಿಟ್ಟು ಎಲ್ಲಿಗೂ ಹೋಗದ ಹೆಂಗಸಿಗೆ ಈ ವ್ರತದಿಂದ ಏನು ಕಳೆಯಿತು ಎಂದು ಆಗ ಯಾರಿಗೂ ಅನ್ನಿಸಲಿಲ್ಲ. ನಾನು ಬೆಂಗಳೂರಿನಲ್ಲಿ ಮನೆ ಕಟ್ಟಿಸಿದಾಗ ಗೊತ್ತಾಯಿತು. ಬೆಂಗಳೂರು ಬೆಳಗೊಳದಿಂದ ಮೂಡಲಿಗೆ ಮತ್ತೂ ಸುಮಾರು 150 ಕಿಲೋಮೀಟರ್.

ನನ್ನ ತಂದೆ ಒಂದು ದಾರಿ ಹುಡುಕಿದರು. "ಬಡಗಲಿಗೆ ಶರಾವತಿಯವರೆಗೆ ಇಟ್ಟಿದ್ದೀರಿ ಅಮ್ಮ, ಆ ಕಡೆ ನೀವು ಹೋಗುವುದೇ ಇಲ್ಲ. ಅಲ್ಲಿ ಅಷ್ಟು ಕಡಿಮೆ ಮಾಡಿ ಮೂಡಲಿಗೆ ಸೇರಿಸಿಕೊಂಡರೆ ಆಯಿತಲ್ಲ" ಎಂದರು. ಅಜ್ಜಿ ಅಕ್ಕಿ ಆರಿಸುತ್ತಿದ್ದವರು ಮೊರ ಕೆಳಗಿಟ್ಟು ಹೇಳಿದರು: "ಅದಕ್ಕೇ ಕ್ಷೇತ್ರವೃದ್ಧಿ ಅಂತ ಹೇಳುವುದು ಮಗಾ. ಮೊಮ್ಮಗನ ಮನೆ ನೋಡುವ ಆಸೆ ನನಗೂ ಉಂಟು. ಆಸೆ ಬಂದಾಗ ಎಳೆಯುವುದಾದರೆ ಗಡಿ ಹಾಕಿದ್ದು ಯಾಕೆ?" ಅವರು ನಮ್ಮ ಮನೆಗೆ ಬರಲೇ ಇಲ್ಲ. ನನ್ನ ಹೆಂಡತಿ ಗೃಹಪ್ರವೇಶದ ಸೀರೆಯನ್ನು ಕಾರ್ಕಳಕ್ಕೇ ಒಯ್ದು ಕೊಟ್ಟಳು.

ಎಂದೂ ಹೋಗದ ಕಡೆಗೆ ಹೋಗುವುದಿಲ್ಲ ಎನ್ನುವುದರಲ್ಲಿ ತ್ಯಾಗ ಏನಿದೆ ಎಂದು ಕೇಳುವವರಿದ್ದಾರೆ. ನನ್ನ ಉತ್ತರ ಇಷ್ಟು: ಅಜ್ಜಿ ಆ ದಿನ ಬಿಟ್ಟುಕೊಟ್ಟದ್ದು ಮುಂದೆಂದೋ ಬೇಕಾಗಬಹುದಾದ ಎಲ್ಲವನ್ನೂ. ಯಾವುದು ಬೇಕಾಗುತ್ತದೆ ಎಂದು ಗೊತ್ತಾಗುವ ಮೊದಲೇ ಬಿಟ್ಟಿದ್ದರು. ಬೇಡವಾದ ವಸ್ತುವನ್ನು ದಾನ ಮಾಡಿ ಕೈತೊಳೆದುಕೊಳ್ಳುವುದಕ್ಕಿಂತ ಇದು ಕಠಿಣ, ಯಾಕೆಂದರೆ ಇದರ ಬೆಲೆ ಏನೆಂದು ವ್ರತ ಹಿಡಿಯುವ ದಿನ ಯಾರಿಗೂ ತಿಳಿಯುವುದಿಲ್ಲ. ಉದ್ಯಮಿ ಹೆಚ್ಚಿನ 1,200 ಕಿಲೋಮೀಟರಿಗೆ ಕೋಟಿ ಕೋಟಿ ಕೊಟ್ಟು ಕೊಳ್ಳಲು ಹೊರಟದ್ದೂ ಅಜ್ಜಿ ಬಿಟ್ಟುಕೊಟ್ಟದ್ದೂ ಒಂದೇ ಪದಾರ್ಥ.

ನಮ್ಮ ಪುರಾಣದಲ್ಲಿ ಇದರ ಇನ್ನೊಂದು ತುದಿಯೂ ಇದೆ. ಪಂಪನ ಆದಿಪುರಾಣದ ಭರತ ಚಕ್ರವರ್ತಿ ಆರು ಖಂಡವನ್ನೂ ಗೆದ್ದು, ವೃಷಭಾಚಲದ ಬಂಡೆಯ ಮೇಲೆ ತನ್ನ ಹೆಸರು ಕೆತ್ತಿಸಲು ಹೋದರೆ ಅಲ್ಲಿ ಜಾಗವೇ ಇರಲಿಲ್ಲ. ಹಿಂದೆ ಗೆದ್ದವರ ಹೆಸರುಗಳಿಂದ ಬೆಟ್ಟ ತುಂಬಿಹೋಗಿತ್ತು. ಒಬ್ಬನ ಹೆಸರನ್ನು ಅಳಿಸಿ ತನ್ನದನ್ನು ಬರೆಸಬೇಕಾಯಿತು. ಎಷ್ಟು ದೂರ ಹೋಗಬಲ್ಲೆ ಎಂಬುದನ್ನೇ ತನ್ನ ಅಳತೆ ಮಾಡಿಕೊಂಡವನಿಗೆ ಆ ಬಂಡೆಯ ಮುಂದೆ ಗರ್ವ ಇಳಿಯಿತು ಎನ್ನುತ್ತದೆ ಕಾವ್ಯ. ಅದೇ ಭರತನ ತಮ್ಮ ಬಾಹುಬಲಿ, ಗೆದ್ದ ರಾಜ್ಯವನ್ನು ಬಿಟ್ಟು ನಿಂತಲ್ಲೇ ನಿಂತ. ನಾವು ಗುಡಿ ಕಟ್ಟದೆ ಬಯಲಲ್ಲಿ ಗೊಮ್ಮಟನಾಗಿ ನಿಲ್ಲಿಸಿ ಪೂಜಿಸುವುದು ಆ ತಮ್ಮನನ್ನು.

ಈಗ ನನ್ನನ್ನು ನಿಜವಾಗಿ ಕಾಡುವ ತೊಡಕಿಗೆ ಬರುತ್ತೇನೆ. ದಿಗ್ವ್ರತದ ತರ್ಕ ನಿಂತಿರುವುದು ಒಂದು ನಂಬಿಕೆಯ ಮೇಲೆ: ನಾನು ಎಲ್ಲಿಗೆ ಹೋಗುವುದಿಲ್ಲವೋ ಅಲ್ಲಿ ನನ್ನಿಂದ ಹಿಂಸೆ ಇಲ್ಲ. ಎತ್ತಿನ ಗಾಡಿಯ ಕಾಲಕ್ಕೆ ಇದು ಸರಿ. ಜೆಟ್ ಎಂಜಿನ್ನಿಗೆ ಸರಿಯಲ್ಲ. ಈ ವರ್ಗದ ವಿಮಾನ ಗಂಟೆಗೆ ಸುಮಾರು 800ರಿಂದ 1,000 ಲೀಟರ್ ಇಂಧನ ಸುಡುತ್ತದೆ. ಒಂದು ಲೀಟರ್ ಸುಟ್ಟರೆ ಎರಡೂವರೆ ಕಿಲೋ ಇಂಗಾಲದ ಡೈಆಕ್ಸೈಡ್. ಅಂದರೆ ಗಂಟೆಗೆ ಎರಡು ಟನ್ನಿಗೆ ಕಡಿಮೆಯಿಲ್ಲ. ಭಾರತದಲ್ಲಿ ತಲೆಗೆ ಇಡೀ ವರ್ಷಕ್ಕೆ ಬೀಳುವ ಪಾಲೇ ಸುಮಾರು ಎರಡು ಟನ್. ಬೆಂಗಳೂರಿನಲ್ಲಿ ಮೇಲೆದ್ದು ಮುಂಬೈಯಲ್ಲಿ ಇಳಿಯುವಷ್ಟರಲ್ಲಿ ಒಬ್ಬನ ಒಂದು ವರ್ಷ ಮುಗಿದಿರುತ್ತದೆ. ಈ ಹೊಗೆಗೆ ಚಂದ್ರಗಿರಿ ಹೊಳೆ ಗೊತ್ತಿಲ್ಲ, ಶರಾವತಿ ಗೊತ್ತಿಲ್ಲ. ವಿಮಾನ ಹುಬ್ಬಳ್ಳಿಯವರೆಗೆ ಮಾತ್ರ ಹೋದರೂ ಅದರ ಹೊಗೆ ಹತ್ತು ದಿಕ್ಕಿಗೂ ಹೋಗುತ್ತದೆ. ಹಾಗಾದರೆ ಗಡಿ ಹಾಕಿಕೊಂಡ ಮಾತ್ರಕ್ಕೆ ಆಚೆಗಿನ ಜೀವಗಳಿಗೆ ನಾನು ನಿರಪಾಯಿ ಎಂದು ಹೇಗೆ ಹೇಳಲಿ?

ಬಹಳ ದಿನ ಯೋಚಿಸಿ ನಾನು ಬಂದು ನಿಂತಿರುವ ತೀರ್ಮಾನ ಇದು. ದೂರದ ಗಡಿಯೊಂದೇ ಇಂದು ಸಾಲದು. ಅದರ ಪಕ್ಕದಲ್ಲಿ ಹಿರಿಯರು ಇನ್ನೆರಡು ಗುಣವ್ರತಗಳನ್ನು ಇಟ್ಟಿದ್ದಾರೆ, ಅವನ್ನೂ ಹಿಡಿಯಬೇಕು. ಭೋಗೋಪಭೋಗ ಪರಿಮಾಣ ಒಂದು. ಒಮ್ಮೆ ಬಳಸಿದರೆ ಮುಗಿಯುವುದು ಭೋಗ, ಮತ್ತೆ ಮತ್ತೆ ಬಳಸುವುದು ಉಪಭೋಗ. ಎರಡಕ್ಕೂ ಮಿತಿ ಬೇಕು. ವಿಮಾನಕ್ಕೆ ಮಿತಿ ಹಾಕಿ, ಅದು ಕುಡಿಯುವ ಇಂಧನವನ್ನು ಬಿಟ್ಟರೆ ವ್ರತ ಅರ್ಧಕ್ಕೆ ನಿಂತಂತೆ. ವರ್ಷಕ್ಕೆ ಇಷ್ಟು ಲೀಟರ್, ಅದು ಮುಗಿದ ಮೇಲೆ ಹಾರಾಟ ಇಲ್ಲ ಎಂದು ಲೆಕ್ಕ ಇಡಬೇಕು. ಇನ್ನೊಂದು ಅನರ್ಥದಂಡ ವಿರತಿ, ಪ್ರಯೋಜನವಿಲ್ಲದ ಹಿಂಸೆಯನ್ನು ಬಿಡುವುದು. ಕಾರಣವಿಲ್ಲದೆ ನೆಲ ಅಗೆಯುವುದು, ಬೆಂಕಿ ಹಚ್ಚುವುದು, ಗಿಡ ಕಡಿಯುವುದು, ತಾನು ಸುಮ್ಮನೆ ಅಲೆಯುವುದು, ಪರರನ್ನು ಸುಮ್ಮನೆ ಅಲೆಸುವುದು, ಇವೆಲ್ಲ ಈ ದೋಷಕ್ಕೆ ಸೇರುತ್ತವೆ. ಖಾಸಗಿ ವಿಮಾನದ ಲೋಕದಲ್ಲಿ ಇದಕ್ಕೆ ನೇರ ಉದಾಹರಣೆ ಇದೆ: ಖಾಲಿ ಹಾರಾಟ. ಮಾಲೀಕರನ್ನು ಮುಂಬೈಯಲ್ಲಿ ಇಳಿಸಿದ ವಿಮಾನಕ್ಕೆ ಅಲ್ಲಿ ಪಾರ್ಕಿಂಗ್ ಸಿಗುವುದು ಕಷ್ಟ. ಪೈಲಟ್‌ಗಳಿಬ್ಬರು ಖಾಲಿ ಕ್ಯಾಬಿನ್ ಹೊತ್ತುಕೊಂಡು ವಾಪಸ್ ಬರುತ್ತಾರೆ, ಎರಡು ದಿನ ಬಿಟ್ಟು ಕರೆತರಲು ಮತ್ತೆ ಖಾಲಿ ಹೋಗುತ್ತಾರೆ. ಒಬ್ಬರ ಒಂದು ಪ್ರಯಾಣಕ್ಕೆ ನಾಲ್ಕು ಹಾರಾಟ. ಲಾಗ್‌ಬುಕ್ಕಿನಲ್ಲಿ ಪ್ರಯಾಣಿಕರು ಸೊನ್ನೆ ಎಂದು ಬರೆದ ಆ ಸಾಲುಗಳನ್ನು ಓದುವಾಗ ನನಗೆ ಸಂಕಟವಾಗುತ್ತದೆ.

ಹಿಂಸೆ ಎಂದರೆ ಬರೀ ಹೊಗೆಯ ಲೆಕ್ಕವೂ ಅಲ್ಲ. ಬೆಂಗಳೂರಿನ ಆಕಾಶದಲ್ಲಿ ಹದ್ದುಗಳು ಹೆಚ್ಚು. ಬರ್ಡ್ ಹಿಟ್ ಆಯಿತು ಎಂದು ಪೈಲಟ್ ಬರೆದರೆ ನಾವು ಏಣಿ ಹಾಕಿ ಎಂಜಿನ್ನಿನ ಬಾಯಿಗೆ ಟಾರ್ಚ್ ಹಿಡಿಯುತ್ತೇವೆ. ಫ್ಯಾನ್ ಬ್ಲೇಡಿನ ಬುಡದಲ್ಲಿ ಕಂದು ಬಣ್ಣದ ತೆಳು ಗೆರೆ, ಒಣಗಿದ ರಕ್ತ. ಹಿಂದಿನ ಸ್ಥಿರ ರೆಕ್ಕೆಗಳ ಸಂದಿಯಲ್ಲಿ ಬೆರಳುದ್ದದ ತುಪ್ಪಳು. ಬೋರೋಸ್ಕೋಪಿನ ತೆಳ್ಳನೆಯ ನಳಿಕೆಯನ್ನು ಒಳಕ್ಕೆ ತೂರಿಸಿ ಒಂದೊಂದೇ ಬ್ಲೇಡನ್ನು ಪರದೆಯ ಮೇಲೆ ನೋಡುತ್ತಾ ಹೋಗಬೇಕು. ಸುಟ್ಟ ಗರಿಯ ವಾಸನೆ ಕೈಗೆ ಅಂಟಿಕೊಂಡು ಸಂಜೆಯವರೆಗೂ ಹೋಗುವುದಿಲ್ಲ. ಆಮೇಲೆ ಒದ್ದೆ ಬಟ್ಟೆಯಿಂದ ಒರೆಸಿ, ಕಾರ್ಡಿಗೆ ಸಹಿ ಹಾಕಿ, ವಿಮಾನ ಹಾರಾಟಕ್ಕೆ ಸಿದ್ಧ ಎಂದು ಬರೆಯುತ್ತೇವೆ. ನಮ್ಮ ಧರ್ಮ ಬೇಕೆಂದೇ ಮಾಡುವ ಸಂಕಲ್ಪಿ ಹಿಂಸೆಯನ್ನೂ ದುಡಿಮೆಯ ನಡುವೆ ಆಗಿಬಿಡುವ ಉದ್ಯೋಗಿ ಹಿಂಸೆಯನ್ನೂ ಬೇರೆ ಮಾಡಿ ನೋಡುತ್ತದೆ. ಗೃಹಸ್ಥನಿಗೆ ಎರಡನೆಯದರಿಂದ ಪೂರ್ತಿ ಬಿಡುಗಡೆ ಇಲ್ಲ ಎಂದು ಒಪ್ಪುತ್ತದೆ. ಆ ರಿಯಾಯಿತಿಯನ್ನು ನಾನು ಕೃತಜ್ಞತೆಯಿಂದಲೇ ಪಡೆದಿದ್ದೇನೆ. ನನ್ನ ಅನ್ನ ಅದರಿಂದಲೇ ಬಂದದ್ದು. ಆದರೆ ಖಾಲಿ ಹಾರುತ್ತಿದ್ದ ವಿಮಾನಕ್ಕೆ ಸಿಕ್ಕಿ ಸತ್ತ ಹದ್ದಿಗೆ ಯಾವ ಉದ್ಯೋಗದ ಹೆಸರು ಹೇಳೋಣ?

ಇವನ್ನೆಲ್ಲ ಆ ಉದ್ಯಮಿಯ ಮುಂದೆ ಹೇಳಿದೆ. ಅವರು ಕೋಪ ಮಾಡಿಕೊಳ್ಳಲಿಲ್ಲ, ಗಮನ ಕೊಟ್ಟು ಕೇಳಿದರು. "ನೂರು ಕೋಟಿಯ ವಿಮಾನ ಕೊಳ್ಳುವವಗ ಎಂಥಾ ಅಣುವ್ರತ ಬಿಡ್ರಿ" ಎಂದರು. ಈ ಮಾತನ್ನು ನಾನು ಒಪ್ಪಲಿಲ್ಲ, ಈಗಲೂ ಒಪ್ಪುವುದಿಲ್ಲ. ದಿಗ್ವ್ರತದ ಭಾರ ತಟ್ಟುವುದು ಹೋಗುವ ಸಾಮರ್ಥ್ಯ ಇದ್ದವನಿಗೇ. ದೂರದೂರಿಗೆ ಸರಕು ಸಾಗಿಸುವ ವರ್ತಕನಿಗೆ ಅದು ಪ್ರತಿದಿನದ ಪರೀಕ್ಷೆ. ಸಂಪತ್ತು ಹೆಚ್ಚಿದಂತೆ ವ್ರತ ಅಪ್ರಸ್ತುತವಾಗುತ್ತದೆ ಎಂದರೆ ಅದನ್ನು ಬಡವರಿಗೆ ಮಾತ್ರ ಮಾಡಿದಂತಾಯಿತು.

ವಿಮಾನದ ವಿಷಯದಲ್ಲಿ ನನ್ನ ಸಲಹೆಯನ್ನು ಹೀಗೆ ಬರೆದುಕೊಟ್ಟೆ. ಮುಂಬೈ, ಹೈದರಾಬಾದ್, ದೆಹಲಿಗೆ ಸಾಮಾನ್ಯ ಜನರ ವಿಮಾನ ದಿನಕ್ಕೆ ಬೇಕಾದಷ್ಟಿವೆ. ಅಲ್ಲಿಗೆ ಸ್ವಂತ ವಿಮಾನ ತೆಗೆಯಬಾರದು. ಕೊಳ್ಳಲೇಬೇಕೆಂದರೆ ಪಡುವಲಿಗೆ ದುಬೈ, ಮೂಡಲಿಗೆ ಸಿಂಗಪುರ ಎಂದು ಗಡಿ ಹಾಕಿಕೊಳ್ಳಬೇಕು. ಆ ಗಡಿಗೆ ಎಕ್ಸ್‌ಎಲ್‌ಎಸ್ ಸಾಕು. ನೆಟ್ಟಗೆ ನಿಲ್ಲುವಂಥ ಕ್ಯಾಬಿನ್ ಬೇಕೆಂದರೆ ಲ್ಯಾಟಿಟ್ಯೂಡ್. ಹಾಕರ್ ಹಳೆಯದಾದರೂ ಆಗಲೇ ಹುಟ್ಟಿರುವ ಯಂತ್ರ, ಹೊಸದನ್ನು ಮಾಡಿಸಿದ ಪಾಪ ತಟ್ಟದು. ಆದರೆ ಗಂಟೆಗೆ ಹೆಚ್ಚು ಕುಡಿಯುತ್ತದೆ. ವರ್ಷಕ್ಕೆ ತೀರಾ ಕಡಿಮೆ ಹಾರುವವರಿಗೆ ಅದೇ ಒಳ್ಳೆಯದು. ಪ್ರೇಟರ್ ಬೇಡ. ಯಂತ್ರದಲ್ಲಿ ದೋಷವಿದೆ ಎಂದಲ್ಲ, ಮೂರರಲ್ಲಿ ತಂತ್ರಜ್ಞಾನದಲ್ಲಿ ಅದೇ ಮುಂದು. ಅದರ ಹೆಚ್ಚಿನ ರೇಂಜಿಗೆ ಇವರಲ್ಲಿ ಕೆಲಸವಿಲ್ಲ.

ಅವರು ಪ್ರೇಟರನ್ನೇ ಕೊಂಡರು. ಕಾಗದಪತ್ರ, ಇನ್‌ಸ್ಪೆಕ್ಷನ್ ಎಲ್ಲವನ್ನೂ ನಾನೇ ನಿಂತು ಮಾಡಿಸಿದೆ. ಒಂದು ಮಾತು ಮಾತ್ರ ನಡೆಸಿಕೊಟ್ಟರು: ಭಾದ್ರಪದದ ದಶಲಕ್ಷಣ ಪರ್ವದ ಹತ್ತು ದಿನ ಆ ವಿಮಾನ ಹ್ಯಾಂಗರಿನಿಂದ ಹೊರಗೆ ಬರುವುದಿಲ್ಲ. ಇಷ್ಟು ಕಾಲ, ಇಷ್ಟು ಜಾಗ ಎಂದು ಮಾಡಿಕೊಳ್ಳುವ ಇಂಥ ನಿಯಮವನ್ನೂ ಶಾಸ್ತ್ರ ವ್ರತವೆಂದೇ ಲೆಕ್ಕಕ್ಕೆ ಹಿಡಿಯುತ್ತದೆ. ಆದರೂ ಆ ಆಯ್ಕೆ ತಪ್ಪು ಎಂದೇ ನನ್ನ ತೀರ್ಪು. ಗಡಿ ಹಾಕಿಕೊಳ್ಳುವ ಅವಕಾಶ ಇದ್ದದ್ದು ಕೊಳ್ಳುವ ಮೊದಲು. 6,200 ಕಿಲೋಮೀಟರ್ ಮನೆಗೆ ಬಂದ ಮೇಲೆ ಅದಕ್ಕೆ ತಕ್ಕ ಕೆಲಸಗಳು ತಾವಾಗಿ ಹುಟ್ಟಿಕೊಳ್ಳುತ್ತವೆ.

ಇಂಥ ಕೊಳ್ಳುವಿಕೆಗೆ ಕೈಹಾಕಿರುವ ಶ್ರಾವಕರಲ್ಲಿ, ಜೈನರಲ್ಲದವರಲ್ಲೂ, ನನ್ನದೊಂದು ಬಿನ್ನಹ. ಬ್ರೋಷರ್ ತರಿಸುವ ಮುಂಚೆ ಒಂದು ಹಾಳೆ ತೆಗೆದುಕೊಳ್ಳಿ. ನಿಮ್ಮ ಕೆಲಸಕ್ಕೆ ನಾಲ್ಕು ದಿಕ್ಕಿನಲ್ಲಿ ಯಾವ ಊರಿನವರೆಗೆ ಹೋಗಬೇಕು, ವರ್ಷಕ್ಕೆ ಎಷ್ಟು ಲೀಟರ್ ಸುಡಬಹುದು, ಖಾಲಿ ಹಾರಾಟ ಎಷ್ಟು ಎಂದು ಬರೆಯಿರಿ. ಮನೆಯ ಹಿರಿಯರೊಬ್ಬರ ಎದುರು ಓದಿ, ಹಾಳೆಯನ್ನು ಅವರ ಕೈಯಲ್ಲೇ ಇಡಿ. ನನ್ನಂಥವರನ್ನು ಅದಾದ ಮೇಲೆ ಕರೆಯಿರಿ.